ಭುಲೋಗೆ ಕನ್ನಡ ಕಲಿಸಿದವರು

ಅವರಿಗೆ ನಾಯಿಗಳೆಂದರೆ ಬಲು ಪ್ರೀತಿ ಎಂದು ಯಾರಾದರೂ ಅಂದರೆ ಸಾಕು, ಅವರು ಕನ್ನಡಕವನ್ನು ಹಣೆಗೇರಿಸಿ, ಅಂದವರ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, "ಪ್ರೀತಿ ಅಲ್ಲ, ಕುತೂಹಲ" ಎನ್ನುತ್ತಿದ್ದರು. ಬಂಗಾಳಿಗಳಿಗೆ ಬಂಗಾಳಿಯಲ್ಲಿ, ನನಗೆ ಧಾರವಾಡದ ಕನ್ನಡದಲ್ಲಿ. ನಾಯಿಗಳಿಗೆ ಮಾತ್ರ ಈ ತಿದ್ದುಪಡಿಯನ್ನು ಯಾರೂ ತಿಳಿಸಿರಲಿಲ್ಲ. ಅವರು ಬೆಳಿಗ್ಗೆ ಬಟ್ಟೆಯ ಚೀಲ ಹಿಡಿದು ಕೊಲ್ಕತ್ತಾದ ಬೆಹಾಲಾ ಮಾರ್ಕೆಟ್ಟಿಗೆ ಹೊರಟರೆ ಎರಡು ನಾಯಿ ಮುಂದೆ, ಮೂರು ಹಿಂದೆ, ಥೇಟ್ ಮಂತ್ರಿಗಳ ಸವಾರಿ.

ಈ ಸಲದ ಚಳಿ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಎಪ್ಪತ್ತೆಂಟು ವರ್ಷವಾಗಿತ್ತು. ಅವರ ಇಡೀ ಬದುಕು ನನಗೆ ಗೊತ್ತಿಲ್ಲ. ಹದಿಮೂರು ವರ್ಷ ಅವರ ಕೆಳಗಿನ ಮನೆಯಲ್ಲಿ ಬಾಡಿಗೆಗೆ ಇದ್ದವಳು ನಾನು, ಅಷ್ಟೇ. ಆದರೂ ಬರೆಯಬೇಕೆನಿಸಿದೆ. ಅಂಥವರನ್ನು ನಾನು ಬೇರೆಲ್ಲೂ ಕಂಡಿಲ್ಲ ಎನ್ನುವುದು ಒಂದು ಕಾರಣ. ಅವರ ಕೊನೆಯ ದಿನಗಳಲ್ಲಿ ಅವರ ಹೆಂಡತಿಗೆ ನಾನೊಂದು ಸುಳ್ಳು ಹೇಳಿದೆ ಎನ್ನುವುದು ಇನ್ನೊಂದು. ಬಾಯಿ ಬಿಟ್ಟು ಹೇಳಿದ ಸುಳ್ಳಲ್ಲ, ಬಾಯಿ ಮುಚ್ಚಿಕೊಂಡು ಹೇಳಿದ್ದು.

ಮೊದಲ ದಿನದಿಂದ ಹೇಳುತ್ತೇನೆ. ನಾನು ಮೈಸೂರು ಕಡೆಯವಳು, ಖಿದಿರ್‌ಪುರದ ಬಂದರಿನ ಹತ್ತಿರ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ನಮ್ಮ ಯಜಮಾನರಿಗೂ ಕೊಲ್ಕತ್ತಾಕ್ಕೆ ವರ್ಗವಾದಾಗ ಬೆಹಾಲಾದಲ್ಲಿ ಮನೆ ಹಿಡಿದೆವು. ಸಾಮಾನು ಇಳಿಸುವ ಗಡಿಬಿಡಿಯಲ್ಲಿ ಪಾತ್ರೆಯ ಬುಟ್ಟಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದೇನೆ, ಮೂರನೆಯ ಮೆಟ್ಟಿಲ ಮೇಲೆ ಒಂದು ಕಂದು ನಾಯಿ ಆಕಳಿಸುತ್ತ ಮಲಗಿದೆ. ನನಗೆ ನಾಯಿಯೆಂದರೆ ಚಿಕ್ಕಂದಿನಿಂದ ಪ್ರಾಣಭಯ. ಜೀವ ಬಾಯಿಗೆ ಬಂತು. ಬಂಗಾಳದ ನಾಯಿಯನ್ನು ಬಂಗಾಳಿಯಲ್ಲಿ ಓಡಿಸಬೇಕೆಂಬ ಪ್ರಜ್ಞೆ ಆ ಹೊತ್ತಿನಲ್ಲಿ ಯಾರಿಗಿರುತ್ತದೆ? "ಹಚಾ! ಹಚಾ!" ಎಂದು ಕಿರುಚಿದೆ. ನಾಯಿ ಎದ್ದು ನನ್ನ ಕಡೆ ಬಹಳ ನೊಂದವರಂತೆ ನೋಡಿ ಇಳಿದು ಹೋಯಿತು. ಮೇಲಿನಿಂದ ಒಂದು ಧ್ವನಿ ಕೇಳಿಸಿತು.

"ಅದಕ್ಕ ಕನ್ನಡಾ ತಿಳೀತದ್ರೀ. ಹಂಗ ಬೈಬ್ಯಾಡ್ರಿ, ಮನಸಿಗೆ ಹಚ್ಕೋತದ."

ತಲೆಯೆತ್ತಿ ನೋಡಿದರೆ ಮಂಕಿ ಟೋಪಿ ಹಾಕಿದ ಒಂದು ಮುಖ ಕಟಕಟೆಯ ಮೇಲಿಂದ ಬಗ್ಗಿತ್ತು. ಕಿವಿಯ ಮೇಲೆ, ಟೋಪಿಯ ಅಂಚಿಗೆ ಸಿಕ್ಕಿಸಿದ ಪೆನ್ಸಿಲ್. ಪುರಾವೆಯಿಲ್ಲದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ ಎಂದು ಈಗ ಅನಿಸುತ್ತದೆ.

ಪಾಡಾದವರೆಲ್ಲ, ಎಂದರೆ ನಮ್ಮ ಕೇರಿಯವರೆಲ್ಲ, ಅವರನ್ನು ಡಾಕ್ತಾರ್‌ಬಾಬು ಎನ್ನುತ್ತಿದ್ದರು. ವೈದ್ಯರಲ್ಲ, ಬಾರಾನಗರದ ಕಡೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೂವತ್ತೈದು ವರ್ಷ ಭತ್ತದ ಹುಳುಗಳನ್ನು ಅಭ್ಯಾಸ ಮಾಡಿ ನಿವೃತ್ತರಾದವರು. ಹಾಗೆಂದು ಎಷ್ಟು ಸಲ ಹೇಳಿದರೂ ಜನ ಹೊಟ್ಟೆನೋವು ಹೇಳಿಕೊಂಡು ಬರುವುದು ತಪ್ಪಲಿಲ್ಲ. ನನಗೆ ಮಾತ್ರ "ಕಾಕಾ ಅನ್ನವಾ, ಸಾಕು" ಎಂದರು. ನಮ್ಮ ಕಡೆ ಕಾಕಾ ಎಂದರೆ ಕಾಗೆ ಕೂಗಿದ ಹಾಗೆ. ಧಾರವಾಡದಲ್ಲಿ ಅದು ಚಿಕ್ಕಪ್ಪ, ಬಂಗಾಳದಲ್ಲಿಯೂ ಚಿಕ್ಕಪ್ಪನೇ. ಅವರ ಹೆಂಡತಿ ಬಂಗಾಳಿ. ಹಾಗಾಗಿ ಆಕೆ ಕಾಕಿಮಾ ಆದರು, ನಾನು ಅವರಿಗೆ ಬೌಮಾ, ಎಂದರೆ ಸೊಸೆ. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ನಲವತ್ತು ವರ್ಷವೂ ಬಂಗಾಳಿಯೇ ನಡೆದಿತ್ತು. ಮೀನು ತಿನ್ನುವವರ ಮನೆಯ ಹುಡುಗಿಯನ್ನು ಮದುವೆಯಾದರು ಎಂದು ಊರಿನವರು ದೂರವಾಗಿದ್ದರಿಂದ ಕಾಕಿಮಾಗೆ ಕನ್ನಡ ಕಲಿಯುವ ಸಂದರ್ಭವೂ ಇರಲಿಲ್ಲ.

ಕಾಕಾ ಅವರ ಬಾಯಲ್ಲಿ ಸದಾ ಇರುತ್ತಿದ್ದ ಪ್ರಶ್ನೆ "ಎಷ್ಟ್ ಸಲಾ ನೋಡೀದಿ?" ಎನ್ನುವುದು. ಬೊಗಳುವ ನಾಯಿ ಕಚ್ಚುವುದಿಲ್ಲವಂತೆ ಕಾಕಾ ಎಂದರೆ, "ಎಷ್ಟ್ ಸಲಾ ನೋಡೀದಿ?" ನಾಯಿ ಬಾಲ ಡೊಂಕು ಎಂದರೆ, "ಯಾರು ನಳಗಿ ಹಾಕಿ ನೋಡ್ಯಾರ? ಎಷ್ಟ್ ದಿನ?" ಗಾದೆಗಳ ಮೇಲೆ ಅವರಿಗೆ ಹಗೆತನವೇ ಇತ್ತು. "ಒಮ್ಮೆ ನೋಡಿದ್ದು ಕಥಿ, ನೂರು ಸಲಾ ನೋಡಿದ್ದು ಸುದ್ದಿ" ಎನ್ನುತ್ತಿದ್ದರು. ಅದೂ ಒಂದು ಗಾದೆಯಂತೆಯೇ ಇದೆಯಲ್ಲ ಎಂದು ನಾನು ಕೆಣಕಿದ ದಿನ ಬಹಳ ಹೊತ್ತು ನಕ್ಕರು.

ಕಾಕಿಮಾ ಈ ಪ್ರಶ್ನೆಯಿಂದ ಬೆಂದು ಹೋಗಿದ್ದವರು. ಅವರು ಹೇಳುವುದು ಬಂಗಾಳಿಯಲ್ಲಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಮದುವೆಯಾದ ಹೊಸತು, ಬೌಮಾ. ಹಾಗಲಕಾಯಿ, ನುಗ್ಗೆಕಾಯಿ ಎಲ್ಲ ಹಾಕಿ ಶುಕ್ತೋ ಮಾಡಿದ್ದೆ. ಹೇಗಿದೆ ಅಂತ ಕೇಳಿದರೆ, ಇನ್ನೂ ಎರಡು ಸಲ ತಿಂದ ಮೇಲೆ ಹೇಳುತ್ತೇನೆ ಅಂದರು. ಆಮೇಲೆ ಇನ್ನೂರು ಸಲ ತಿಂದಿದ್ದಾರೆ, ಇನ್ನೂ ಹೇಳಿಲ್ಲ." ಪಕ್ಕದಲ್ಲೇ ಕೂತ ಕಾಕಾ ಅದಕ್ಕೂ ತಲೆಯಾಡಿಸಿ, ಪ್ರತಿಸಲ ಉಪ್ಪು ಬೇರೆ ಬೇರೆ ಇದ್ದರೆ ತೀರ್ಮಾನಕ್ಕೆ ಬರುವುದು ಹೇಗೆ ಎಂದರು.

ಹುಳು ಬಿಟ್ಟು ನಾಯಿ ಯಾಕೆ ಹಿಡಿದಿರಿ ಎಂದು ಒಮ್ಮೆ ಕೇಳಿದ್ದೆ. ಆಗ ಬೆಹಾಲಾದ ಮುಖ್ಯರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು. ಆ ಸದ್ದಿಗೆ ಹೆದರಿ ನಾಯಿಗಳೆಲ್ಲ ನಮ್ಮ ಗಲ್ಲಿಗೆ ಬಂದು ಸೇರಿದ್ದವು. ಅವರು ಮೆಟ್ಟಿಲ ಮೇಲೆ ಕೂತು, ಮನೆಯಲ್ಲೇ ದಾರ ಹಾಕಿ ಹೊಲಿದ ಪುಸ್ತಕದಲ್ಲಿ ಏನೋ ಗುರುತು ಹಾಕುತ್ತಿದ್ದರು.

"ಮೂವತ್ತೈದು ವರ್ಷ ಹುಳಾ ನೋಡ್ಕೋತ ಕೂತೆ. ಒಂದರ ತಿರುಗಿ ನನ್ನ ನೋಡ್ತೇನು? ಇದನ್ನ ನೋಡು, ನಾ ಏನ್ ಬರೀಲಿಕ್ಹತ್ತೇನಿ ಅಂತ ನೋಡ್ಲಿಕ್ಹತ್ತದ."

"ಹಾಗಾದ್ರೆ ಅದಕ್ಕೆ ನಿಮ್ಮ ಮೇಲೆ ಪ್ರೀತಿ ಇದೆ ಅಂತ ಆಯ್ತಲ್ಲ ಕಾಕಾ?"

"ನನ್ನ ಕಿಸೆದಾಗ ಬಿಸ್ಕೀಟ್ ಅದ ಅಂತ ಆತು."

ಆ ಕಂದು ನಾಯಿಯ ಹೆಸರು ಭುಲೋ. ಭುಲೋ ಎಂದರೆ ಮರೆಗುಳಿ. ನಮ್ಮಲ್ಲಿ ಬೀದಿನಾಯಿಗೆ ಕರಿಯ, ಕೆಂಚ ಎಂದು ಕರೆಯುವಂತೆ ಇಲ್ಲಿ ಪ್ರತಿ ಪಾಡಾದಲ್ಲೂ ಒಬ್ಬ ಭುಲೋ. ಕಾಕಾ ಅದಕ್ಕೆ ಕನ್ನಡ ಕಲಿಸಿದ್ದರು: ಬಾ, ಹೋಗು, ಕೂಡು, ಸಾಕು. ಯಾಕೆಂದರೆ, ಅವರ ಮಾತಿನಲ್ಲೇ ಹೇಳುವುದಾದರೆ, ಬಂಗಾಳಿಯಲ್ಲಿ, ಹಿಂದಿಯಲ್ಲಿ ಬೀದಿಯವರೆಲ್ಲ ನಾಯಿಯನ್ನು ಕರೆಯುತ್ತಾರೆ. ಅದು ಯಾರ ಯಾವ ಮಾತಿಗೆ ಬಂತು ಎಂದು ತಿಳಿಯುವುದು ಹೇಗೆ? ಈ ಬೀದಿಯಲ್ಲಿ ಬೇರೆ ಯಾರೂ ಆಡದ ಭಾಷೆಯಲ್ಲಿ ಕರೆದರೆ ಗೊಂದಲವಿರುವುದಿಲ್ಲ. ಅಚ್ಚುಕಟ್ಟಾದ ವೈಜ್ಞಾನಿಕ ಕಾರಣ. ನಾನು ನಂಬಿದ್ದೆ. ನಾವು ಬರುವ ತನಕ ಆ ದೊಡ್ಡ ಊರಿನಲ್ಲಿ ಕನ್ನಡ ಮಾತಾಡಲು ಅವರಿಗೆ ಆ ನಾಯಿಯ ಹೊರತು ಯಾರೂ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಆದರೆ ಈ ಅಚ್ಚುಕಟ್ಟಿನಲ್ಲಿ ಒಂದು ದೊಡ್ಡ ತೂತು ಉಳಿದಿತ್ತು. ಬಂಗಾಳಿಗಳಿಗೆ ಯಾವುದಾದರೂ ಮೆಚ್ಚಿಗೆಯಾದರೆ ಅವರು "ಬಾಃ!" ಎನ್ನುತ್ತಾರೆ. ಹಾಡು ಚೆನ್ನಾಗಿದ್ದರೆ ಬಾಃ, ಹಿಲ್ಸಾ ಮೀನು ಕೊಬ್ಬಿದ್ದರೆ ಬಾಃ. ನಮ್ಮ ಗಲ್ಲಿಯ ಮೂಲೆಯ ಚಹಾದಂಗಡಿಯಲ್ಲಿ ಸಂಜೆ ಹತ್ತು ಜನ ಕೂತು ಫುಟ್‌ಬಾಲ್ ಮಾತಾಡುವಾಗ ನಿಮಿಷಕ್ಕೊಂದು ಬಾಃ ಹಾರುತ್ತದೆ. ಪ್ರತಿಸಲವೂ ಭುಲೋ ಎಲ್ಲಿದ್ದರೂ ಎದ್ದು ಓಡಿ ಬಂದು, ಬಾಲ ಅಲ್ಲಾಡಿಸುತ್ತ ನಿಲ್ಲುವುದು. ಯಾರೂ ಏನೂ ಕೊಡದಿದ್ದಾಗ ತಲೆ ತಗ್ಗಿಸಿ ಹೋಗುವುದು. ಮತ್ತೊಂದು ಬಾಃ, ಮತ್ತೊಂದು ಓಟ. ಈ ನಾಯಿಗೆ ಫುಟ್‌ಬಾಲ್ ಹುಚ್ಚು ಎಂದು ಅಂಗಡಿಯಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು.

ಇದು ಕಾಕಾಗೆ ತಿಳಿದ ದಿನ ಅವರ ಮುಖ ನೋಡಬೇಕಿತ್ತು. "ನಲವತ್ತು ವರ್ಷ ಈ ಭಾಷಾ ಮಾತಾಡೇನಿ. ಇದೊಂದು ಹೊಳೀಲಿಲ್ಲ ನೋಡವಾ ನನಗ!" ಎಂದು ಹಣೆ ಬಡಿದುಕೊಂಡರು. ಮಾಡಿದ ತಪ್ಪನ್ನು ದಪ್ಪ ಅಕ್ಷರದಲ್ಲಿ ಪುಸ್ತಕದಲ್ಲಿ ಬರೆದರು, ಕೆಳಗೆ ಗೆರೆ ಎಳೆದರು. ಆಮೇಲೆ ಹೊಸ ಪರೀಕ್ಷೆ ಶುರುವಾಯಿತು. ನಾಯಿ ಕಂಡರೆ ನಡುಗುವ ನನ್ನನ್ನೇ ಗಲ್ಲಿಯ ನಡುವೆ ನಿಲ್ಲಿಸಿ ಒಮ್ಮೆ ಕನ್ನಡದ ಬಾ, ಒಮ್ಮೆ ಬಂಗಾಳಿಯ ಬಾಃ ಹೇಳಿಸಿದರು. ಭಾನುವಾರ ಬೆಳಿಗ್ಗೆ, ಜನ ಬಾಲ್ಕನಿಗಳಲ್ಲಿ ನಿಂತು ನೋಡುತ್ತಿದ್ದಾರೆ. ನನ್ನ ಮಗಳು ಮೇಲಿಂದ, "ಅಮ್ಮಾ, ತುಮಿ ಭುಲೋಗಿಂತ ಜಾಸ್ತಿ ಶೇಕ್ ಆಗ್ತಾ ಇದ್ದೀಯ!" ಎಂದು ಕೂಗಿದಳು. ಇಲ್ಲೇ ಬೆಳೆದವಳು, ಅವಳ ಒಂದು ವಾಕ್ಯಕ್ಕೆ ಮೂರು ಭಾಷೆ ಬೇಕು.

ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಭುಲೋ ಎರಡನ್ನೂ ಬೇರೆ ಮಾಡಲು ಕಲಿಯಿತು. ಶಬ್ದ ಕೇಳಿ ಅಲ್ಲ ಎಂದರು ಕಾಕಾ; ಶಬ್ದ ಒಂದೇ. ಅದು ಈಗ ಹೇಳುವವರ ಮುಖ ನೋಡುತ್ತಿದೆ. ತನ್ನ ಕಡೆ ನೋಡಿ ಹೇಳಿದರೆ ಬರುತ್ತದೆ. ಅಷ್ಟು ಹೇಳಿ, "ಇದೂ ಖರೇ ಅಂತ ತಿಳೀಬ್ಯಾಡ. ನಾ ನೋಡಿದ್ದು ಒಂದೇ ನಾಯಿ" ಎಂದು ಸೇರಿಸಿದರು.

ಇಷ್ಟೆಲ್ಲ ಎಚ್ಚರದ ಮನುಷ್ಯ ಒಂದು ಸಲ ಮಾತ್ರ ಸಭೆಯಲ್ಲಿ ಎದ್ದು ನಿಂತರು. ನಮ್ಮ ಕಟ್ಟಡದ ಸಮಿತಿಯಲ್ಲಿ ನಾಯಿಗಳ ವಿಷಯ ಬಂದಿತ್ತು. ಕೆಲವರು ಓಡಿಸಿ ಎಂದರು. ಒಬ್ಬ ಹೆಂಗಸು ನಾಯಿಗಳ ಪರವಾಗಿ, ಯಾರು ಕಳ್ಳ, ಯಾರು ಮರ್ಯಾದಸ್ಥ ಎಂದು ಅವಕ್ಕೆ ವಾಸನೆಯಲ್ಲೇ ತಿಳಿಯುತ್ತದೆ, ಹಳೇ ಪೇಪರಿನವನಿಗೆ ಬೊಗಳುತ್ತವೆ, ನಮಗೆ ಬೊಗಳುತ್ತವೆಯೇ, ಅವು ಇರಲಿ ಎಂದರು. ಎಲ್ಲರೂ ತಲೆಯಾಡಿಸಿದರು. ಕಾಕಾ ಕನ್ನಡಕ ಹಣೆಗೇರಿಸಿ "ಕೊತೊಬಾರ್?" ಎಂದರು. ಎಷ್ಟು ಸಲ?

ಮರುದಿನ ಬೆಳಿಗ್ಗೆ ಅವರು ಹರಕು ಲುಂಗಿ ಉಟ್ಟು, ತಲೆಗೆ ಟವೆಲ್ ಸುತ್ತಿ, ಬೆನ್ನ ಮೇಲೆ ಗೋಣಿಚೀಲ ಹೊತ್ತು ಗಲ್ಲಿಯ ತುದಿಯಿಂದ ನಡೆದು ಬಂದರು. ಭುಲೋ ಅವರ ಮೇಲೆ ಹರಿಹಾಯ್ದಿತು. ಹತ್ತಿರ ಬಂದು ಮೂಸಿತು. ಆಮೇಲೆ ಕಿವಿ ಕೆಳಗೆ ಮಾಡಿ ಅವರ ಕಾಲ ಬಳಿ ಮಲಗಿಬಿಟ್ಟಿತು.

"ನಾಚಿಕೊಂಡ್ತು ಅಂತ ಬರೀಬೇಕು ಅನಿಸ್ತು" ಎಂದರು ನನಗೆ ಆ ಸಂಜೆ. "ಬರೀಲಿಲ್ಲ. ನಾಚಿಕಿ ಯಾರಿಗೆ ಆತು ಅಂತ ನನಗ ಖಾತ್ರಿ ಇಲ್ಲ. ಗೋಣೀಚೀಲಾ ಕಂಡ ಕೂಡ್ಲೇ ವಾಚ್‌ಮನ್ ಮೈ ಬಿಗಿ ಮಾಡ್ತಾನ. ನೀವು ಬಾಲ್ಕನಿ ಬಾಗ್ಲಾ ಹಾಕ್ಕೋತೀರಿ. ನಾಯಿ ದಿನಾ ನೋಡ್ತದ. ಬೊಗಳೋದು ಅದು, ಹೇಳಿಕೊಟ್ಟೋರು ನಾವು."

ಆ ಮಾತು ನನಗೆ ಚುಚ್ಚಿತು. ಪೇಪರಿನವನು ಬಂದರೆ ಬಾಲ್ಕನಿಯ ಚಿಲಕ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಮುಂದಿನ ವಾರದಿಂದ ಅವನು ಬಂದಾಗ ಕೆಳಗಿಳಿದು ಹೋಗಿ ಎರಡು ಮಾತಾಡಿ ನೀರು ಕೊಡುವುದನ್ನು ರೂಢಿ ಮಾಡಿಕೊಂಡೆ. ಕೆಲವು ತಿಂಗಳಾದ ಮೇಲೆ ಭುಲೋ ಅವನಿಗೆ ಬೊಗಳುವುದನ್ನು ಬಿಟ್ಟಿತು. ಕಾಕಾಗೆ ಹೇಳಿದೆ. ಬೇರೆ ಕಾರಣವೂ ಇರಬಹುದು ಎಂದರು, ಆದರೆ ಖುಷಿಯಾಗಿದ್ದರು.

ಅವರಿಗೆ ನೆನಪು ಹೋಗಲು ಶುರುವಾದದ್ದು ನಮಗ್ಯಾರಿಗೂ ಬೇಗ ಗೊತ್ತಾಗಲಿಲ್ಲ. ಅದಕ್ಕೂ ಭಾಷೆಯೇ ಕಾರಣ. ಮೊದಲು ಹೋದದ್ದು ಇಂಗ್ಲಿಷ್. ನಿವೃತ್ತರಾದವರಿಗೆ ಅದು ಹೋದರೆ ಯಾರು ಗಮನಿಸುತ್ತಾರೆ? ಆಮೇಲೆ ಬಂಗಾಳಿ ಸಡಿಲವಾಯಿತು. ಚಹಾದಂಗಡಿಗೆ ಹೋಗಿ "ಒಂದ್ ಚಾ ಕೊಡಪಾ" ಎನ್ನುತ್ತಿದ್ದರಂತೆ. ಧಾರವಾಡದಲ್ಲಿ ಚಾ, ಇಲ್ಲಿಯೂ ಚಾ. ಅಂಗಡಿಯವನು ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಟ್ಟು ಕಳಿಸುತ್ತಿದ್ದ. ಎಷ್ಟು ತಿಂಗಳು ಅವರು ಅವನ ಹತ್ತಿರ ಕನ್ನಡದಲ್ಲೇ ಮಾತಾಡಿದರೋ ದೇವರಿಗೇ ಗೊತ್ತು.

ಅವರಿಗೆ ಮಾತ್ರ ಗೊತ್ತಾಗಿತ್ತು. ಒಂದು ಮಧ್ಯಾಹ್ನ ನನ್ನನ್ನು ಕರೆದು ಪುಸ್ತಕ ತೋರಿಸಿದರು. ನಾಯಿಗಳ ಪುಟಗಳು ಮುಗಿದು ಹೊಸ ಪುಟದ ಮೇಲೆ "ನಾನು" ಎಂದು ಬರೆದಿತ್ತು. ಕೆಳಗೆ ಮರೆತ ಪದಗಳ ಪಟ್ಟಿ, ದಿನದ ಲೆಕ್ಕದಲ್ಲಿ.

"ನೆನಪು ಎರಡು ನಮೂನಿ ಇರ್ತದವಾ. ಒಂದು ಬಾಯಿಲೆ ಹೇಳಾಕ ಬರೋದು. ಇನ್ನೊಂದು ಮೈಯಾಗ ಇರೋದು. ನಾಯಿಗೆ ಮೊದಲನೇದು ಇಲ್ಲ, ಎರಡನೇದು ಗಟ್ಟಿ ಅದ. ನನಗ ಮೊದಲನೇದು ಹೊಂಟದ. ಎರಡನೇದು ಎಷ್ಟು ದಿನ ಇರ್ತದ ಅಂತ ನೋಡೋದು ಅದ. ನಾ ಬರ್ಕೊಳ್ಳಾಕ ಆಗೂದಿಲ್ಲಲ್ಲ ಆವಾಗ. ನೀ ನೋಡು."

ಅವರ ಧ್ವನಿಯಲ್ಲಿ ಭತ್ತದ ಹುಳುವಿನ ಬಗ್ಗೆ ಹೇಳುವಾಗಿನ ಅದೇ ಉತ್ಸಾಹ. ಹೂಂ ಎಂದೆ. ಕಾಕಿಮಾಗೆ ಇನ್ನೂ ಹೇಳಿಲ್ಲ, ನೀನೂ ಹೇಳಬೇಡ ಎಂದರು. ಆ ವರ್ಷದ ಕೊನೆಗೆ ಭುಲೋ ಮುದಿಯಾಗಿ ಮೆಟ್ಟಿಲ ಕೆಳಗೇ ಸತ್ತುಹೋಯಿತು. ಕಾಕಾ ಪುಸ್ತಕ ಬರೆಯುವುದೂ ಅಲ್ಲಿಗೇ ನಿಂತಿತು.

ಕಳೆದ ಎರಡು ವರ್ಷ ಅವರು ಹೊರಗೆ ಬರಲಿಲ್ಲ. ಬಂಗಾಳಿ ಪೂರ್ತಿ ಹೋಯಿತು. ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯ ಎದುರು ಕೂತು, ಆಕೆಗೆ ಒಂದಕ್ಷರವೂ ತಿಳಿಯದ ಭಾಷೆಯಲ್ಲಿ ಅವರು ಮಾತಾಡುತ್ತಿದ್ದರು. ಕಾಕಿಮಾ ಬಂಗಾಳಿಯಲ್ಲಿ ಉತ್ತರಿಸುತ್ತಿದ್ದರು. ಕಾಕಾ ತಬ್ಬಿಬ್ಬಾಗಿ ನೋಡುತ್ತಿದ್ದರು. ನಾನು ಕಚೇರಿಯಿಂದ ಬಂದವಳೇ ಮೇಲಕ್ಕೆ ಓಡುವುದು, ಇವರದನ್ನು ಅವರಿಗೆ, ಅವರದನ್ನು ಇವರಿಗೆ ಹೇಳುವುದು ನಿತ್ಯದ ಕೆಲಸವಾಯಿತು. ಹಗಲೆಲ್ಲ ನಾನಿಲ್ಲದಾಗ ಏನು ಮಾಡುತ್ತಾರೆ ಎಂದು ಕಚೇರಿಯಲ್ಲೂ ಅದೇ ಯೋಚನೆ.

ಒಂದು ಸಂಜೆ ಕಾಕಿಮಾ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. ಮುಖ ಅರಳಿತ್ತು.

"ಬೌಮಾ, ಇವತ್ತು ಏನಾಯಿತು ಗೊತ್ತಾ? ಅನ್ನ ಕಲಸಿ ಬಾಯಿಗಿಟ್ಟೆ. 'ಬಾಃ' ಅಂದರು! ಇನ್ನೊಂದು ತುತ್ತು ಇಟ್ಟೆ, ಮತ್ತೆ 'ಬಾಃ'. ಇಡೀ ಜನ್ಮದಲ್ಲಿ ನನ್ನ ಅಡುಗೆಗೆ ಅನ್ನದವರು ಇವತ್ತು ಅಂದರು. ಬಂಗಾಳಿ ಪೂರ್ತಿ ಹೋಗಿಲ್ಲ ಅಲ್ಲವಾ?"

ನಾನು ಒಳಗೆ ಹೋದೆ. ಕಾಕಾ ಕುರ್ಚಿಯಲ್ಲಿ ಕೂತಿದ್ದರು. ನೋಟ ಬಾಗಿಲ ಕಡೆಗೂ ಅಲ್ಲ, ಕಿಟಕಿಯ ಕಡೆಗೂ ಅಲ್ಲ, ನಡುವೆ ಎಲ್ಲೋ ಗೋಡೆಯ ಮೇಲೆ. ಬಲಗೈಯ ಬೆರಳುಗಳನ್ನು ಮೆಲ್ಲಗೆ ತಮ್ಮ ಕಡೆ ಮಡಿಸುತ್ತ, "ಬಾ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಬಾ".

ಅದು ಬಂಗಾಳಿಯ ಬಾಃ ಅಲ್ಲ. ಅವರು ಯಾರನ್ನೋ ಕರೆಯುತ್ತಿದ್ದರು. ಯಾರನ್ನು? ನಮ್ಮ ಕನ್ನಡದಲ್ಲಿ ತಾಯಿಗೂ ಬಾ, ಹೆಂಡತಿಗೂ ಬಾ, ನಾಯಿಗೂ ಬಾ. ಹೊರಗಿನವರಿಗೆ ಮಾತ್ರ ಬರ್ರಿ. ಸತ್ತ ಭುಲೋವನ್ನೇ ಇರಬಹುದು. ಎಪ್ಪತ್ತು ವರ್ಷದ ಹಿಂದಿನ ಅವ್ವನನ್ನೇ ಇರಬಹುದು. "ಯಾರನ್ನ ಕರೀತಿದ್ದೀರಿ ಕಾಕಾ?" ಎಂದು ಕೇಳಿದೆ. ನನ್ನನ್ನು ನೋಡಿ ಸೌಜನ್ಯದಿಂದ ನಕ್ಕರು. ಹಿಂದೆ ತಿರುಗಿದರೆ ಕಾಕಿಮಾ ಕೈಯಲ್ಲಿ ಬಟ್ಟಲು ಹಿಡಿದು, ನನ್ನ ಬಾಯಿಂದ ಬರುವ ಹೌದು ಎಂಬ ಮಾತಿಗೆ ಕಾದು ನಿಂತಿದ್ದರು. ಬಿಸಿತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ನಾನು ಸುಮ್ಮನೆ ನಕ್ಕೆ. ಅವರು ಅದನ್ನೇ ಹೌದು ಎಂದುಕೊಂಡರು. ಖಾತ್ರಿಯಿಲ್ಲದ ಒಂದು ಮಾತನ್ನೂ ಬರೆದುಕೊಳ್ಳದ ಮನುಷ್ಯನ ಎದುರಿನಲ್ಲೇ ನಾನು ಹೀಗೆ ಮಾಡಿದೆ.

ಅಲ್ಲಿಗೆ ಮುಗಿಯಲಿಲ್ಲ. ಒಂದು ವಾರ ಕಳೆದು ಕಾಕಿಮಾ ಹಳೆಯ ಡೈರಿ, ಪೆನ್ನು ಹಿಡಿದು ನಮ್ಮ ಮನೆಗೇ ಇಳಿದು ಬಂದರು. ಎಪ್ಪತ್ತೆರಡು ವರ್ಷದ ಹೆಂಗಸು, ಮಂಡಿನೋವು. ನನಗೆ ಅವರ ಭಾಷೆ ಕಲಿಸು ಎಂದರು. ಬೇಕಾದ ಹತ್ತಿಪ್ಪತ್ತು ಮಾತು ಸಾಕಂತೆ.

ನನ್ನ ಮೈಸೂರಿನ ಕನ್ನಡ ಅಲ್ಲಿ ನಡೆಯುವಂತಿರಲಿಲ್ಲ. ಕಾಕಾ ಅವರ ಬಾಯಿಂದ ಕೇಳಿದ್ದನ್ನೆಲ್ಲ ನೆನಪು ಮಾಡಿಕೊಂ‍ಡು, ನೀರು ಬೇಕೇನ್ರಿ, ಊಟಾ ಮಾಡ್ರಿ, ಮಲ್ಕೋರಿ ಎಂದು ಹೇಳಿಕೊಟ್ಟೆ. ಅವರು ಬಂಗಾಳಿ ಅಕ್ಷರದಲ್ಲಿ ಬರೆದುಕೊಂಡು ಓದಿದರೆ ಎಲ್ಲ ದುಂಡಗಾಗಿಬಿಡುತ್ತಿತ್ತು. ಅನ್ನ ಹೋಗಿ ಓನ್ನೊ, ಮಲ್ಕೋರಿ ಹೋಗಿ ಮೊಲ್ಕೋರಿ. ದಿನಕ್ಕೆ ಮೂರು ಮಾತು ಕಲಿಸಿದೆ. ಹೋಗು, ಕೂಡು, ತಿನ್ನು, ಸಾಕು, ಎಲ್ಲ ಬಂತು. ಬಾ ಮಾತ್ರ ಬರಲಿಲ್ಲ. ಯಾವ ಮೇಷ್ಟರಾದರೂ ಬಾ ಬಿಟ್ಟು ಕನ್ನಡ ಕಲಿಸುವುದುಂಟೇ? ನಾನು ಕಲಿಸಿದೆ. ಪ್ರತಿದಿನ ಅವರು ಡೈರಿ ಮುಚ್ಚುವ ತನಕ, ಎಲ್ಲಿ ಆ ಮಾತನ್ನು ಕೇಳಿಬಿಡುತ್ತಾರೋ ಎಂದು ಬೇರೆ ಮಾತು ತೆಗೆಯುತ್ತಿದ್ದೆ.

ಹದಿನೈದು ದಿನವಾದ ಮೇಲೆ ಕಾಕಿಮಾ ಇಸ್ತ್ರಿ ಮಾಡಿದ ಸೀರೆ ಉಟ್ಟು, ಅವರ ಎದುರು ಕುರ್ಚಿ ಹಾಕಿಕೊಂಡು ಕೂತರು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. "ಹೇಂಗಿದ್ದೀರಿ? ಊಟಾ ಆತೇನ್ರಿ?" ಎಂದರು, ಬಂಗಾಳದ ದುಂಡು ಉಚ್ಚಾರದಲ್ಲಿ.

ಕಾಕಾ ನೆಟ್ಟಗೆ ಕೂತರು. ಎಷ್ಟೋ ತಿಂಗಳ ಮೇಲೆ ಅವರ ಕಣ್ಣಲ್ಲಿ ಹಳೆಯ ಕುತೂಹಲ ಕಂಡಿತು. "ಆತ್ರೀ, ಆತು" ಎಂದರು. ಆಮೇಲೆ ಮುಂದೆ ಬಾಗಿ, ಬಹಳ ಮರ್ಯಾದೆಯಿಂದ ಕೇಳಿದರು.

"ತಮ್ಮದು ಯಾ ಊರಾತ್ರೀ? ಈ ಊರಾಗ ಕನ್ನಡಾ ಮಾತಾಡೋರು ಸಿಗೂದಿಲ್ಲ. ಛಲೋ ಮಾತಾಡ್ತೀರಿ."

ಕಾಕಿಮಾ ನನ್ನ ಕಡೆ ತಿರುಗಿ ಏನಂದರು ಎಂದರು. ಕಾಕಾ ಹೆಂಡತಿಯನ್ನು ಬರ್ರಿ ಎನ್ನಿಸಿಕೊಳ್ಳುವ ಹೊರಗಿನವರ ಸಾಲಿಗೆ ಸೇರಿಸಿದ್ದರು. ಅದನ್ನು ಹೇಗೆ ಹೇಳಲಿ? "ನೀವು ಚೆನ್ನಾಗಿ ಮಾತಾಡ್ತೀರಂತೆ" ಎಂದಷ್ಟೇ ಹೇಳಿದೆ. ಕಾಕಿಮಾ ಸೆರಗಿನಲ್ಲಿ ಮುಖ ಒರೆಸಿಕೊಂಡು ನಕ್ಕರು. ಅಂದಿನಿಂದ ದಿನಾ ಬೆಳಿಗ್ಗೆ ಹಾಗೆಯೇ ಎದುರು ಕೂತು ಕಾಕಿಮಾ ಹೇಂಗಿದ್ದೀರಿ ಎನ್ನುವುದು, ಕಾಕಾ ಯಾ ಊರಾತ್ರೀ ಎನ್ನುವುದು ನಡೆಯಿತು. ಕಾಕಾ ಆ ಹೊತ್ತಿಗೆ ತಲೆ ಬಾಚಿಸಿಕೊಂಡು ಕಾಯುತ್ತಿದ್ದರು. ನಡುವೆ ಆಗಾಗ, ಊಟದಲ್ಲಿ, ನಿದ್ದೆಯ ಮಂಪರಿನಲ್ಲಿ, ಆ ಬಾ ಎನ್ನುವ ಮಾತು ಇದ್ದೇ ಇತ್ತು. ಹೋಗುವ ಹಿಂದಿನ ದಿನದವರೆಗೂ ಇತ್ತು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ನಾನು ಮೇಲೆ ಹೋದೆ. ಕಾಕಿಮಾ ನೆಲದ ಮೇಲೆ ಕೂತು ಅವಲಕ್ಕಿ ಆರಿಸುತ್ತಿದ್ದರು. ಕೂತೆ. ಎದ್ದೆ. ಮತ್ತೆ ಕೂತೆ. ಕೊನೆಗೆ ಬಾಯಿ ಬಿಟ್ಟೆ. ಕಾಕಿಮಾ, ನಾನೊಂದು ತಪ್ಪು ಮಾಡಿದ್ದೇನೆ, ಕಾಕಾ ಇದ್ದಿದ್ದರೆ ನನ್ನ ಮುಖ ನೋಡುತ್ತಿರಲಿಲ್ಲ ಎಂದೆ. ಎಲ್ಲ ಹೇಳಿದೆ. ಅವರು ಅಂದದ್ದು ಬಾಃ ಅಲ್ಲ, ಬಾ. ನಮ್ಮ ಭಾಷೆಯಲ್ಲಿ ಅದಕ್ಕೆ ಬೇರೆಯೇ ಅರ್ಥ.

"ಎಶೋ" ಎಂದರು ಕಾಕಿಮಾ, ತಲೆಯೆತ್ತದೆ.

ಎಶೋ ಎಂದರೆ ಬಂಗಾಳಿಯಲ್ಲಿ ಬಾ ಎಂದೇ. ಆ ಮಾತಿನ ಅರ್ಥ ಅವರಿಗೆ ಮೊದಲೇ ಗೊತ್ತಿತ್ತು.

"ಹದಿನೈದು ವರ್ಷ ಈ ಬಾಲ್ಕನಿಯಲ್ಲಿ ನಿಂತು ದಿನಾ ಆ ನಾಯಿಯನ್ನು ಕೂಗಿದ್ದಾರೆ. ಒಳಗೆ ಅನ್ನ ಬಸಿಯುತ್ತ ಕೇಳಿದ್ದೇನೆ. ಭುಲೋ ಕಲಿತದ್ದನ್ನು ನಾನು ಕಲಿಯಲಿಲ್ಲ ಅಂದುಕೊಂಡೆಯಾ?"

"ಮತ್ತೆ... ಅಡುಗೆಗೆ ಬಾಃ ಅಂದರು ಅಂತ ಯಾಕೆ ಹೇಳಿದಿರಿ, ಕಾಕಿಮಾ?"

ಅವರು ಅವಲಕ್ಕಿಯಲ್ಲಿ ಸಿಕ್ಕ ಒಂದು ಹೊಟ್ಟನ್ನು ಪಕ್ಕಕ್ಕಿಟ್ಟರು.

"ಬಾ ಅಂದರು ಅಂತ ಹೇಳಿದ್ದರೆ, ಯಾರನ್ನು ಅಂತ ನೀನು ಕೇಳುತ್ತಿದ್ದೆ. ಕೇಳಿಯೂ ಕೇಳಿದೆ, ಅವರ ಹತ್ತಿರ. ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳಲು ಧೈರ್ಯವೂ ಇರಲಿಲ್ಲ. ಬಾಃ ಅಂದರೆ ಯಾರೂ ಏನೂ ಕೇಳುವುದಿಲ್ಲ. ಅಡುಗೆ ಮಾಡಿದವಳು ಮನೆಯಲ್ಲಿ ಒಬ್ಬಳೇ."

ನನಗೆ ಅಳು ತಡೆಯಲಾಗಲಿಲ್ಲ. ಅವರು ಕೈ ಒರೆಸಿಕೊಂಡು ನನ್ನ ತಲೆಯ ಮೇಲೆ ಅಂಗೈ ಇಟ್ಟರು.

"ಅವರ ಅಮ್ಮನನ್ನು ಕರೆದರೋ, ಭುಲೋವನ್ನು ಕರೆದರೋ, ಇನ್ನು ಹೇಳುವವರು ಯಾರು? ಅಳಬೇಡ, ಬೌಮಾ. ಯಾರನ್ನು ಕರೆದಿದ್ದರೂ, ಕರೆದಾಗಲೆಲ್ಲ ಹೋದವಳು ನಾನೇ."